ರಾತ್ರಿ ಕಳೆಯುವಷ್ಟರಲ್ಲಿ ಇಳಿಯುವ ಹೈಡ್ರಾಲಿಕ್ ಜ್ಯಾಕ್: ಚಳಿಯೋ, ವಾಲ್ವ್ ದೋಷವೋ?

ಪ್ರಶ್ನೆ (ಫೀನಿಕ್ಸ್, ಅರಿಜೋನಾ)

ಎಲ್ಲರಿಗೂ ನಮಸ್ಕಾರ. ನಮ್ಮದು 36 ಅಡಿ ಉದ್ದದ ಫಿಫ್ತ್‌ವೀಲ್ ಟ್ರೈಲರ್, ಅಂದರೆ ಪಿಕಪ್ ಟ್ರಕ್ಕಿನ ಹಿಂಭಾಗದ ತೊಟ್ಟಿಯಲ್ಲಿರುವ ಕೊಂಡಿಗೆ ಕೂಡಿಸಿ ಎಳೆಯುವ ವಾಸದ ಟ್ರೈಲರ್. ಅದರ ಮೂರು ಸ್ಲೈಡ್‌ಔಟ್‌ಗಳನ್ನೂ (ನಿಲ್ಲಿಸಿದಾಗ ಹೊರಕ್ಕೆ ಚಾಚುವ ಕೋಣೆಯ ಭಾಗಗಳು) ಟ್ರೈಲರನ್ನು ಹೊತ್ತು ನಿಲ್ಲುವ ಆರು ಜ್ಯಾಕ್‌ಗಳನ್ನೂ ಒಂದೇ ಹೈಡ್ರಾಲಿಕ್ ಪಂಪು ನಡೆಸುತ್ತದೆ. ಈಗ ಕ್ವಾರ್ಟ್ಸೈಟ್ ಬಳಿಯ ಮರುಭೂಮಿಯಲ್ಲಿ, ಕರೆಂಟಿನ ಸಂಪರ್ಕವಿಲ್ಲದ ಜಾಗದಲ್ಲಿ ತಂಗಿದ್ದೇವೆ. ಸಂಜೆ ಗುಂಡಿ ಒತ್ತಿದರೆ ಟ್ರೈಲರ್ ತಾನಾಗಿಯೇ ಮಟ್ಟಕ್ಕೆ ಬಂದು ನಿಲ್ಲುತ್ತದೆ. ಬೆಳಿಗ್ಗೆ ರಸಮಟ್ಟ ಇಟ್ಟು ನೋಡಿದರೆ ಮುಂಭಾಗ ಇಳಿದಿರುತ್ತದೆ. ಮುಂದಿನ ಜ್ಯಾಕ್‌ಗಳು ಸುಮಾರು 50 ಸೆಂ.ಮೀ. ಚಾಚಿಕೊಂಡಿವೆ; ನಿನ್ನೆ ರಾತ್ರಿ ಎಡಗಡೆಯದು 6 ಮಿ.ಮೀ., ಬಲಗಡೆಯದು 22 ಮಿ.ಮೀ. ಇಳಿದಿತ್ತು. ಸಂಜೆ 22 ಡಿಗ್ರಿ ಸೆಲ್ಸಿಯಸ್ ಇದ್ದ ಉಷ್ಣಾಂಶ ಮುಂಜಾನೆ 4 ಡಿಗ್ರಿಗೆ ಇಳಿದಿತ್ತು. ನೆಲದ ಮೇಲೆ ಎಣ್ಣೆಯ ಕಲೆ ಎಲ್ಲಿಯೂ ಇಲ್ಲ. ಬೆಳಗಿನ ಹೊತ್ತು ಸ್ಲೈಡ್ ಒಳಗೆಳೆದುಕೊಳ್ಳುವಾಗ ಪಂಪು ಬಹಳ ನಿಧಾನವಾಗುತ್ತದೆ. ನಮ್ಮ ತಾಯಿಯವರು ಜೊತೆಗಿದ್ದು, ವಾಲಿದ ನೆಲದ ಮೇಲೆ ನಡೆಯಲು ಅವರಿಗೆ ಕಷ್ಟವಾಗುತ್ತಿರುವುದರಿಂದ ಇದನ್ನು ಬೇಗ ಸರಿಪಡಿಸಬೇಕಾಗಿದೆ. ದಯವಿಟ್ಟು ತಿಳಿದವರು ದಾರಿ ತೋರಿಸಿ.

ಉತ್ತರ (ಹೂಸ್ಟನ್, ಟೆಕ್ಸಸ್)

ನೀವು ಅಳತೆಗಳನ್ನು ಕೊಟ್ಟಿರುವುದು ತುಂಬ ಒಳ್ಳೆಯದಾಯಿತು, ಏಕೆಂದರೆ ಇಲ್ಲಿ ಎರಡು ಬೇರೆ ಬೇರೆ ಕಾರಣಗಳು ಸೇರಿಕೊಂಡಿವೆ ಎಂಬುದನ್ನು ಅವೇ ಹೇಳುತ್ತಿವೆ. ಜ್ಯಾಕ್‌ನೊಳಗಿನ ಎಣ್ಣೆ ಒಂದು ಡಿಗ್ರಿ ತಣಿದರೆ ತನ್ನ ಗಾತ್ರದ ಹತ್ತು ಸಾವಿರದಲ್ಲಿ ಸುಮಾರು 7 ಪಾಲು ಕುಗ್ಗುತ್ತದೆ. ನಿಮ್ಮಲ್ಲಿ ಆದ 18 ಡಿಗ್ರಿಯ ಇಳಿಕೆಗೆ ಇದು ಶೇಕಡಾ 1.26 ಆಗುತ್ತದೆ, 50 ಸೆಂ.ಮೀ. ಎತ್ತರದ ಎಣ್ಣೆಯ ಕಂಬಕ್ಕೆ ಲೆಕ್ಕ ಹಾಕಿದರೆ 6 ಮಿ.ಮೀ.ಗಿಂತ ತುಸು ಹೆಚ್ಚು. ಹಾಗಾಗಿ ಎಡಗಡೆಯ ಜ್ಯಾಕ್‌ನಲ್ಲಿ ಯಾವ ದೋಷವೂ ಇಲ್ಲ, ಅದು ಚಳಿಗೆ ಕುಗ್ಗಿದೆ ಅಷ್ಟೇ. ಹಿಂದಿನ ಜ್ಯಾಕ್‌ಗಳು ಕಡಿಮೆ ಚಾಚಿಕೊಂಡಿರುವ ಕಾರಣ ಅವು ಅಷ್ಟು ಇಳಿಯುವುದಿಲ್ಲ. ಮುಂಭಾಗವೇ ತಗ್ಗುವುದು ಅದಕ್ಕಾಗಿ. ಮುಂದಿನ ಜ್ಯಾಕ್‌ಗಳ ಕೆಳಗಾಲನ್ನು ಪಿನ್ ತೆಗೆದು ಇನ್ನೆರಡು ತೂತು ಕೆಳಗಿಳಿಸಿ, ಅಡಿಯಲ್ಲಿ ಅಗಲವಾದ ಮರದ ದಿಮ್ಮಿಗಳನ್ನು ಇಟ್ಟರೆ ಎಣ್ಣೆಯ ಕಂಬದ ಎತ್ತರ ಕಡಿಮೆಯಾಗುತ್ತದೆ, ಇಳಿಕೆಯೂ ಅದೇ ಪ್ರಮಾಣದಲ್ಲಿ ತಗ್ಗುತ್ತದೆ.

ಬಲಗಡೆ ಉಳಿಯುವ 16 ಮಿ.ಮೀ.ಗೆ ಚಳಿ ಕಾರಣವಾಗಲಾರದು. ಜ್ಯಾಕ್‌ನ ಪಾದ ಜಲ್ಲಿಯೊಳಗೆ ಹೂತುಹೋಗುತ್ತಿದೆಯೇ ಎಂಬುದನ್ನು ಮೊದಲು ನೋಡಿ. ಅದಿಲ್ಲವಾದರೆ ಆ ಜ್ಯಾಕ್‌ನ ವಾಲ್ವ್ ಪೂರ್ತಿ ಮುಚ್ಚಿಕೊಳ್ಳದೆ ಎಣ್ಣೆಯನ್ನು ನಿಧಾನವಾಗಿ ಟ್ಯಾಂಕಿಗೆ ಹಿಂದಕ್ಕೆ ಬಿಡುತ್ತಿರಬಹುದು. ಸೋರಿಕೆ ಒಳಗೊಳಗೇ ನಡೆಯುವುದರಿಂದ ನೆಲದ ಮೇಲೆ ಕಲೆ ಕಾಣುವುದಿಲ್ಲ.

ಉತ್ತರ (ಪೀಣ್ಯ, ಬೆಂಗಳೂರು)

ನಾನು ಟ್ರೈಲರ್‌ಗಳನ್ನು ಕಂಡವನಲ್ಲ, ಆದರೆ ಹೈಡ್ರಾಲಿಕ್ ಪ್ರೆಸ್‌ಗಳ ರಿಪೇರಿಯಲ್ಲಿ ಇದೇ ಪ್ರಶ್ನೆ ನಮಗೆ ಮತ್ತೆ ಮತ್ತೆ ಎದುರಾಗುತ್ತದೆ. ಚಳಿಗೆ ಕುಗ್ಗಿದ ಎಣ್ಣೆ ಬಿಸಿಲೇರಿದಾಗ ಹಿಗ್ಗಿ ಜ್ಯಾಕನ್ನು ಮತ್ತೆ ಮೇಲೆತ್ತುತ್ತದೆ, ಟ್ಯಾಂಕಿಗೆ ಹೋದ ಎಣ್ಣೆ ಮಾತ್ರ ತಾನಾಗಿ ಹಿಂದಿರುಗುವುದಿಲ್ಲ. ಆದ್ದರಿಂದ ಎರಡೂ ಜ್ಯಾಕ್‌ಗಳಿಗೆ ಟೇಪಿನ ಗುರುತು ಹಾಕಿ, ಮುಂಜಾನೆ ಒಮ್ಮೆ, ಮಧ್ಯಾಹ್ನ ಒಮ್ಮೆ ಅಳೆಯಿರಿ. ದೋಷ ವಾಲ್ವಿನದೇ ಎಂದು ಖಚಿತವಾದರೆ, ನಿಮ್ಮ ಪಂಪಿನಲ್ಲಿ ಎರಡೂ ಜ್ಯಾಕ್‌ಗಳಿಗೆ ಒಂದೇ ಬಗೆಯ ಕಾರ್ಟ್ರಿಜ್ (ಬಿಚ್ಚಿ ತೆಗೆಯಬಹುದಾದ ವಾಲ್ವ್) ಇದ್ದಲ್ಲಿ ಅವನ್ನು ಅದಲುಬದಲು ಮಾಡಿ ನೋಡಬಹುದು. ಇಳಿಕೆ ಎಡಕ್ಕೆ ದಾಟಿದರೆ ಆ ಕಾರ್ಟ್ರಿಜ್ ಕೆಟ್ಟಿದೆ ಎಂದರ್ಥ. ಅದರ ಮೇಲೆ ಸಣ್ಣ ಕಸ ಕೂತಿದ್ದರೂ, ಓ-ರಿಂಗ್ (ಸೋರಿಕೆ ತಡೆಯುವ ರಬ್ಬರ್ ಬಳೆ) ಕೊಯ್ದಿದ್ದರೂ ಹೀಗಾಗುತ್ತದೆ.

ಒಂದು ಮಾತನ್ನು ದಯವಿಟ್ಟು ಮರೆಯಬೇಡಿ. ಟ್ರೈಲರ್ ಟ್ರಕ್ಕಿಗೆ ಕೂಡಿಕೊಂಡು ಜ್ಯಾಕ್‌ಗಳೆಲ್ಲ ಮೇಲಕ್ಕೆ ಸೇರಿ, ಭಾರ ಸಂಪೂರ್ಣ ಇಳಿಯುವವರೆಗೆ ಯಾವ ವಾಲ್ವನ್ನೂ ಸಡಿಲಿಸಬಾರದು. ಒತ್ತಡದಲ್ಲಿರುವ ಹೋಸಿನ ಸೋರಿಕೆಯನ್ನು ಕೈ ಸವರಿ ಹುಡುಕಲೂಬಾರದು. ಕೂದಲೆಳೆಯಂಥ ಎಣ್ಣೆಯ ಧಾರೆ ಚರ್ಮದೊಳಕ್ಕೆ ನುಗ್ಗಿದರೆ ಬೆರಳನ್ನೇ ಕಳೆದುಕೊಳ್ಳಬೇಕಾದೀತು. ರಟ್ಟಿನ ತುಂಡನ್ನು ಹಿಡಿದು ನೋಡಿ.

ಉತ್ತರ (ಸ್ಯಾನ್ ಹೋಸೆ, ಕ್ಯಾಲಿಫೋರ್ನಿಯಾ)

ಪಂಪಿನ ನಿಧಾನಗತಿಗೆ ದಪ್ಪವಾದ ಎಣ್ಣೆಯ ಜೊತೆಗೆ ರಾತ್ರಿಯಿಡೀ ಹೀಟರ್ ಫ್ಯಾನ್ ಓಡಿಸಿದ ಬ್ಯಾಟರಿಯೂ ಕಾರಣವಾಗಿರಬಹುದು. ಸುಮ್ಮನಿರುವಾಗ 12.4 ವೋಲ್ಟ್ ತೋರಿಸುವ ಬ್ಯಾಟರಿ ಪಂಪಿನ ಭಾರ ಬಿದ್ದೊಡನೆ ಕುಸಿಯಬಲ್ಲದು, ಹಾಗಾಗಿ ಪಂಪು ಓಡುತ್ತಿರುವಾಗಲೇ ವೋಲ್ಟೇಜ್ ಅಳೆಯಿರಿ. ಹೊರಡುವ ಮುನ್ನ ಅರ್ಧ ಗಂಟೆ ಜನರೇಟರ್ ನಡೆಸಿ ನೋಡಿ. ಟ್ಯಾಂಕಿನ ಎಣ್ಣೆಯ ಮಟ್ಟವನ್ನು ಸ್ಲೈಡ್‌ಗಳೂ ಜ್ಯಾಕ್‌ಗಳೂ ಪೂರ್ತಿ ಒಳಗಿದ್ದಾಗ ಮಾತ್ರ ಪರೀಕ್ಷಿಸಿ. ಹೊರಗಿದ್ದಾಗ ತುಂಬಿಸಿದರೆ ಅವು ಒಳಬಂದಾಗ ಎಣ್ಣೆ ಉಕ್ಕಿ ಚೆಲ್ಲುತ್ತದೆ.

ಪ್ರಶ್ನೆ ಕೇಳಿದವರಿಂದ, ನಾಲ್ಕು ದಿನಗಳ ನಂತರ

ತಮ್ಮೆಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಎಡ ಜ್ಯಾಕ್ ಮಧ್ಯಾಹ್ನದ ಹೊತ್ತಿಗೆ ಹಳೆಯ ಗುರುತಿಗೆ ಮರಳಿತು, ಬಲಗಡೆಯದು ಬಿಸಿಲಿನಲ್ಲಿಯೂ ಇಳಿಯುತ್ತಲೇ ಇತ್ತು; ಪಾದದ ಕೆಳಗಿನ ನೆಲ ಕುಸಿದಿರಲಿಲ್ಲ. ಟ್ರಕ್ಕಿಗೆ ಕೂಡಿಸಿ, ಪವರ್ ತೆಗೆದು, ಕಾರ್ಟ್ರಿಜ್‌ಗಳನ್ನು ಅದಲುಬದಲು ಮಾಡಿದ ಮೇಲೆ ಈಗ ಎಡಗಡೆ ಇಳಿಯುತ್ತಿದೆ. ಹೊಸ ಕಾರ್ಟ್ರಿಜ್‌ಗೆ ಆರ್ಡರ್ ಕೊಟ್ಟಿದ್ದೇನೆ. ಅದು ಬರುವ ತನಕ ಕಿಂಗ್‌ಪಿನ್ (ಟ್ರೈಲರಿನ ಮುಂಭಾಗದಲ್ಲಿ ಟ್ರಕ್ಕಿಗೆ ಕೂಡುವ ಗೂಟ) ಕೆಳಗೆ ಮುಕ್ಕಾಲಿಯ ಆಸರೆ ಕೊಟ್ಟು ನಿಲ್ಲಿಸಿದ್ದೇವೆ, ತಾಯಿಯವರು ಈಗ ಹೆದರಿಕೆಯಿಲ್ಲದೆ ಓಡಾಡುತ್ತಿದ್ದಾರೆ.