ಚಿಕ್ಕ ಮರದ ಪೆಟ್ಟಿಗೆ: ಮೈಟರ್ ಮಾಡ್ಲಾ, ಫಿಂಗರ್ ಜಾಯಿಂಟ್ ಮಾಡ್ಲಾ? ಮಾಡಿ ನೋಡಿದೋರು ಹೇಳಿ

ಹೊಸ ಉಳಿ:
ಅಕ್ಕನಿಗೆ ಓಲೆ, ಉಂಗುರ ಇಟ್ಕೊಳ್ಳೋಕೆ ಒಂದು ಪೆಟ್ಟಿಗೆ ಮಾಡೋಣ ಅಂತ ಹೊರಟಿದೀನಿ. ಉದ್ದ 200, ಅಗಲ 140, ಎತ್ತರ 80 ಮಿ.ಮೀ. ತೇಗದ ಹಲಗೆ ಇದೆ, 10 ಮಿ.ಮೀ. ದಪ್ಪ. ಇರೋದು ಕೈಗರಗಸ, ಎರಡು ಉಳಿ, ಒಂದು ಹತ್ತರಿ, ನಾಲ್ಕು ಕ್ಲ್ಯಾಂಪ್ ಅಷ್ಟೇ, ಮೆಶೀನ್ ಯಾವ್ದೂ ಇಲ್ಲ. ಮೂಲೆ ಯಾವ ಥರ ಮಾಡ್ಲಿ, ಹಲಗೆ ತುದಿನ 45 ಡಿಗ್ರಿ ಓರೆಗೆ ಕೊಯ್ದು ಸೇರಿಸೋ ಮೈಟರಾ, ಹಲ್ಲು ಹಲ್ಲು ಕೊಯ್ದು ಒಂದರೊಳಗೊಂದು ಕೂರಿಸೋ ಫಿಂಗರ್ ಜಾಯಿಂಟಾ? ಒಳಗಡೆ ಏನು ಹಚ್ಲಿ?

ಎಂಟು ಕೊಯ್ತ:
ಮೈಟರ್ ಅಂದ್ರಲ್ಲ, ನನ್ ಗೋಳು ಕೇಳಿ. ನಾಲ್ಕು ಮೂಲೆ ಅಂದ್ರೆ ಎಂಟು ಕೊಯ್ತ. ನನ್ ಗರಗಸ ಪ್ರತಿ ಸಲ ಬರೀ ಅರ್ಧ ಡಿಗ್ರಿ ವಾಲ್ತಿತ್ತು, ಅರ್ಧ ಡಿಗ್ರಿ ತಾನೇ ಅಂತ ಬಿಟ್ಟೆ. ಮೂರು ಮೂಲೆ ಬೆಣ್ಣೆ ಥರ ಕೂತ್ಕೊಂಡ್ವು. ನಾಲ್ಕನೇ ಮೂಲೆಗೆ ಬಂದಾಗ ಎಂಟೂ ಅರ್ಧಗಳು ಸೇರಿ ನಾಲ್ಕು ಡಿಗ್ರಿ, 10 ಮಿ.ಮೀ. ದಪ್ಪಕ್ಕೆ ಸರಿಯಾಗಿ 1 ಮಿ.ಮೀ. ಬಾಯಿ ಬಿಟ್ಕೊಂಡು ನಗ್ತಾ ಇದೆ. ಸರಿ ಅಂತ ಒಂದು ಕಡೆ ಹತ್ತರಿ ಹೊಡ್ದೆ, ಎದುರುಬದುರು ಹಲಗೆ ಉದ್ದ ಸಮ ಇಲ್ದೇ ಹೋಯ್ತು, ಅದನ್ನ ಸರಿ ಮಾಡೋಕೆ ಇನ್ನೊಂದು ಕಡೆ ಹೊಡ್ದೆ, ಹೀಗೆ ಹೊಡೀತಾ ಹೊಡೀತಾ 220 ಇದ್ದ ಪೆಟ್ಟಿಗೆ 204ಕ್ಕೆ ಬಂತು. ಎರಡು ಭಾನುವಾರ ಹೋಯ್ತು. ಕೊನೆಗೆ ಪ್ಲೈವುಡ್ ತುಂಡಲ್ಲಿ 45 ಡಿಗ್ರಿ ಶೂಟಿಂಗ್ ಬೋರ್ಡ್ (ಹಲಗೆ ತುದಿನ ಸರಿಯಾದ ಕೋನದಲ್ಲಿ ಹಿಡಿದು ಹತ್ತರಿ ಹೊಡೆಯೋಕೆ ಆಸರೆ) ಮಾಡ್ಕೊಂಡೆ, ಅದನ್ನ ಮೊದ್ಲೇ ಮಾಡಿದ್ರೆ ಎಲ್ಲಾ ಒಂದು ಬೆಳಿಗ್ಗೆ ಕೆಲ್ಸ.

ಆದ್ರೂ ಮೈಟರೇ ಚೆಂದ. ಒಂದೇ ಹಲಗೆಯಿಂದ ಸಾಲಾಗಿ ಕೊಯ್ದ್ರೆ ಮರದ ಗೆರೆ ಪೆಟ್ಟಿಗೆ ಸುತ್ತ ಹರ್ಕೊಂಡು ಹೋಗುತ್ತೆ, ಒಂದು ಮೂಲೇಲಿ ಮಾತ್ರ ಕೂಡಲ್ಲ, ಅದನ್ನ ಹಿಂದೆ ಹಿಂಜ್ ಕಡೆಗೆ ತಿರುಗಿಸಿ ಇಟ್ರೆ ಯಾರ ಕಣ್ಣಿಗೂ ಬೀಳಲ್ಲ.

ಹೊಟ್ಟು:
1 ಮಿ.ಮೀ. ಸಂದಿಗೆ ಎರಡು ಭಾನುವಾರನಾ? ಅದೇ ಮರದ ಹೊಟ್ಟು, ಸ್ವಲ್ಪ ಅಂಟು, ಕಲಸಿ ತುಂಬಿ ಸ್ಯಾಂಡ್ ಪೇಪರ್ ಉಜ್ಜಿ. ಹತ್ತು ನಿಮಿಷ. ಹನ್ನೊಂದು ಪೆಟ್ಟಿಗೆ ಮಾಡಿದೀನಿ, ಇಸ್ಕೊಂಡೋರು ಯಾರೂ ಲೆನ್ಸ್ ಹಿಡ್ಕೊಂಡು ನೋಡಿಲ್ಲ.

ಎಂಟು ಕೊಯ್ತ:
ಪಾಲಿಶ್ ಬೀಳೋವರೆಗೆ ಯಾರಿಗೂ ಕಾಣಲ್ಲ ಸ್ವಾಮಿ. ಎಣ್ಣೆ ಹಚ್ಚಿದ ತಕ್ಷಣ ಅಂಟು ಕುಡ್ದಿರೋ ಜಾಗ ಎಣ್ಣೆ ಕುಡಿಯಲ್ಲ, ಕಲೆ ಎದ್ದು ಕೂರುತ್ತೆ. ನಿಮ್ಮವರು ಮರ್ಯಾದೆಗೆ ಸುಮ್ನಿದಾರೆ ಅಷ್ಟೇ.

ಹನ್ನೆರಡು ಹಲ್ಲು:
ಮೈಟರ್ ನೋಡೋಕೆ ಮಾತ್ರ. ನಾರು ಅಡ್ಡ ಕಡಿದ ತುದಿ ಅಂಟನ್ನ ಸ್ಪಂಜಿನ ಥರ ಹೀರ್ಕೊಳ್ಳುತ್ತೆ, ಒಂದು ಸಲ ಕೆಳಗೆ ಬಿದ್ರೆ ನಾಲ್ಕು ತುಂಡು. ಫಿಂಗರ್ ಜಾಯಿಂಟಲ್ಲಿ ಹಲ್ಲಿನ ಪಕ್ಕ ಪಕ್ಕ ಮುಖಕ್ಕೆ ಮುಖ ಅಂಟುತ್ತೆ, ಕಿತ್ರೂ ಬರಲ್ಲ. ನಾನು ಟೇಬಲ್ ಸಾಗೆ (ಮೆಶೀನ್ ಗರಗಸ) ಜಿಗ್ ಮಾಡ್ಕೊಂಡೆ, ಅಂದ್ರೆ ಹಲ್ಲುಗಳು ಸಮ ದೂರದಲ್ಲಿ ಬರೋ ಹಾಗೆ ಹಲಗೆನ ಒಂದು ಪಿನ್ನಿಗೆ ತಗುಲಿಸಿ ಹಿಡಿಯೋ ಸಾಧನ. ಮೊದಲ್ನೇ ಜಿಗ್ಗಲ್ಲಿ ಪಿನ್ನು 0.1 ಮಿ.ಮೀ. ಜಾಸ್ತಿ ದೂರ ಇತ್ತು. ಒಂದು ಹಲ್ಲಿಗೆ 0.1 ಅಂದ್ರೆ ಏನೂ ಇಲ್ಲ, ಹನ್ನೆರಡು ಹಲ್ಲೂ ಸೇರಿದ್ರೆ 1.2. ಸುತ್ತಿಗೇಲಿ ಹೊಡ್ದು ಕೂರಿಸೋಕೆ ಹೋದೆ, ಹಲಗೆ ಉದ್ದಕ್ಕೂ ಸೀಳ್ತು. ಎರಡನೇ ಜಿಗ್ಗು ಸಡಿಲ. ಮೂರನೇದಕ್ಕೆ ಪಿನ್ನಿನ ಹಿಂದೆ ಪೇಪರ್ ತುಂಡು ಇಟ್ಟು ಇಟ್ಟು ಹೊಂದಿಸ್ದೆ. ಅಷ್ಟೊತ್ತಿಗೆ ಟ್ರಯಲ್ ತುಂಡುಗಳೇ ಒಂದು ಬಕೆಟ್ ಆಗಿತ್ತು. ಆದ್ರೆ ಆ ಪೆಟ್ಟಿಗೆ ಮೇಲೆ ಈಗ್ಲೂ ನಿಂತ್ಕೋಬಹುದು.

ಕೈಗರಗಸ:
ಅವ್ರು ಮೆಶೀನ್ ಇಲ್ಲ ಅಂತ ಬರ್ದಿದಾರೆ, ನೀವು ಟೇಬಲ್ ಸಾ ಜಿಗ್ ಪುರಾಣ ಶುರು ಮಾಡಿದೀರಿ. ಮತ್ತೆ ಓಲೆ ಪೆಟ್ಟಿಗೆ ಮೇಲೆ ಯಾರ್ರೀ ನಿಂತ್ಕೋತಾರೆ?

ಹನ್ನೆರಡು ಹಲ್ಲು:
ಬಂದ್ರು ನೋಡಿ ಕೈಕೆಲಸದವ್ರು. ಕರೆಂಟ್ ಮುಟ್ಟಿದ್ರೆ ಮೈಲಿಗೆ.

ಕೈಗರಗಸ:
ಮೈಲಿಗೆ ಏನಿಲ್ಲ, ಹತ್ತು ಬೆರಳೂ ಇದಾವೆ, ಅಷ್ಟು ಸಾಕು. ನಾನು ಡವ್‌ಟೇಲ್ (ಪಾರಿವಾಳದ ಬಾಲದ ಥರ ತುದಿಗೆ ಅಗಲ ಆಗೋ ಓರೆ ಹಲ್ಲು) ಕೈಯಲ್ಲೇ ಮಾಡ್ತೀನಿ, ಗಟ್ಟಿ ಮರಕ್ಕೆ 1:8 ಇಳಿಜಾರು, ಮೆತ್ತಗಿನದಕ್ಕೆ 1:6. ಚಾಕು ತುದೀಲಿ ಗೀರು ಹಾಕಿ, ಗೀರಿನ ಆಚೆ, ಬಿಸಾಡೋ ಮರದ ಕಡೆಗೆ ಕೊಯ್ದು, ಗೀರನ್ನ ಉಳಿಸ್ಬೇಕು. ಮೊದಲ ಐದು ಮೂಲೆ ಒಲೆಗೆ ಹೋದ್ವು, ಆರನೇದು ನಿಂತ್ಕೊಳ್ತು. ನಿಮ್ ಜಿಗ್ ಮಾಡೋ ಟೈಮಲ್ಲಿ ನನ್ ಪೆಟ್ಟಿಗೆ ಪಾಲಿಶ್ ಆಗಿರುತ್ತೆ.

ಸಡಿಲ ತಳ:
ನೀವೆಲ್ಲಾ ಮೂಲೆ ಮೂಲೆ ಅಂತ ಕೂತಿದೀರಿ, ನನ್ ಪೆಟ್ಟಿಗೆ ಒಡ್ದಿದ್ದು ತಳದಿಂದ. ಮೂಲೆ ಅಷ್ಟು ಚೆನ್ನಾಗಿ ಬಂದಿತ್ತು, ಖುಷೀಲಿ ತಳದ ಹಲಗೆನೂ ನಾಲ್ಕೂ ಕಡೆ ಅಂಟು ಸುರ್ದು ಕೂರಿಸಿಬಿಟ್ಟೆ, ಗಟ್ಟಿ ಮರ, ನಾರು ಉದ್ದಕ್ಕೆ. ಒಣ ದಿನಗಳಲ್ಲಿ ಮಾಡಿದ್ದು. ಮಳೆಗಾಲ ಬಂದು ಆರು ವಾರಕ್ಕೆ ಒಂದು ರಾತ್ರಿ ಟಪ್ ಅಂತ ಸದ್ದು, ಇಲಿ ಇರ್ಬೇಕು ಅಂದ್ಕೊಂಡು ಮಲಗ್ದೆ. ಬೆಳಿಗ್ಗೆ ನೋಡಿದ್ರೆ ತಳ ಅಗಲಕ್ಕೆ ಉಬ್ಬಿ ಒಂದು ಮೂಲೆನ ಹೊರಗೆ ತಳ್ಳಿಬಿಟ್ಟಿದೆ. ಮರ ಉದ್ದಕ್ಕೆ ಹೆಚ್ಚುಕಮ್ಮಿ ಅಲ್ಲಾಡಲ್ಲ, ಅಗಲಕ್ಕೆ ಉಸಿರಾಡುತ್ತೆ, ಓದಿದ್ದೆ, ಆದ್ರೂ ಮಾಡ್ದೆ. ಈಗ ನಾನು ಪಕ್ಕದ ಹಲಗೆಗಳ ಒಳಗಡೆ ಗಾಡಿ (ಉದ್ದ ಕಾಲುವೆ ಥರದ ಕೊರೆತ) ಕೊರೆದು ತಳನ ಅದ್ರೊಳಗೆ ಅಂಟಿಲ್ದೆ ಬಿಡ್ತೀನಿ, ಅಗಲದ ಎರಡೂ ಪಕ್ಕ 1 ಮಿ.ಮೀ. ಜಾಗ. ಅಥವಾ ಪ್ಲೈವುಡ್, ಅದನ್ನ ಬೇಕಾದ್ರೆ ಅಂಟಿಸಿ. ಮುಚ್ಚಳಕ್ಕೂ ಇದೇ ಮಾತು.

ಆ ಒಡೆದ ಪೆಟ್ಟಿಗೆ ಈಗ್ಲೂ ಇಟ್ಟಿದೀನಿ, ಸ್ಕ್ರೂ ಹಾಕ್ಕೊಳ್ಳೋಕೆ.

ಹೊಟ್ಟು:
ಹೊಟ್ಟು ತುಂಬ್ಬಹುದಿತ್ತು 🙂

ಸಡಿಲ ತಳ:
ಒಂದು ಸಲ ಹೇಳಿದ್ರೆ ಜೋಕು.

ಎರಡು ಕೋಟು:
ಒಳಗಡೆಗೆ ಲಿನ್‌ಸೀಡ್ (ಅಗಸೆ) ಎಣ್ಣೆ ಮಾತ್ರ ಬೇಡ, ಕೈಮುಗೀತೀನಿ. ಮುಚ್ಚಿದ ಪೆಟ್ಟಿಗೇಲಿ ಅದ್ರ ವಾಸನೆ ಹೋಗಲ್ಲ, ನಾನು ಮಾಡಿದ್ದು ನಾಲ್ಕು ತಿಂಗ್ಳಾದ್ರೂ ತೆಗೆದ್ರೆ ಮುಖಕ್ಕೆ ಹೊಡೀತಿತ್ತು. ಬಿಸಿಲಿಗಿಟ್ಟೆ, ಕಾಫಿ ಪುಡಿ ಇಟ್ಟೆ, ಕೊನೆಗೆ ಒಳಗೆಲ್ಲಾ ಸ್ಕ್ರೇಪರಲ್ಲಿ ಕೆರ್ದು ಶೆಲಾಕ್ (ಅರಗಿನ ಪಾಲಿಶ್) ಎರಡು ತೆಳು ಕೋಟ್ ಕೊಟ್ಟೆ. ಅಂಟಿಸೋಕೆ ಮುಂಚೆ ಹಲಗೆ ಚಪ್ಪಟೆ ಇದ್ದಾಗ್ಲೇ ಒಳಮುಖಕ್ಕೆ ಹಚ್ಕೊಂಬಿಡಿ, ಅಂಟೋ ಜಾಗಕ್ಕೆ ಟೇಪ್ ಹಾಕಿ. ಆಮೇಲೆ ಮೂಲೇಲಿ ಅಂಟು ಹೊರಗೆ ಬಂದ್ರೂ ಸಿಪ್ಪೆ ಥರ ಎದ್ದು ಬರುತ್ತೆ. ಎಣ್ಣೆ ಬಟ್ಟೆನ ಮುದ್ದೆ ಮಾಡಿ ಬುಟ್ಟಿಗೆ ಎಸೀಬೇಡಿ, ತಾನಾಗೇ ಬಿಸಿಯಾಗಿ ಹೊತ್ಕೊಳ್ಳುತ್ತೆ, ಹರಡಿ ಒಣಗಿಸಿ.

ಹನ್ನೆರಡು ಹಲ್ಲು:
ಇಪ್ಪತ್ತು ವರ್ಷದಿಂದ ಎಣ್ಣೆ ಬಟ್ಟೆ ಮೂಲೆಗೆ ಎಸೀತಿದೀನಿ, ಏನೂ ಆಗಿಲ್ಲ.

ಎರಡು ಕೋಟು:
ನನಗೂ ಆಗಿರ್ಲಿಲ್ಲ, ಒಂದು ಮಧ್ಯಾಹ್ನ ಬುಟ್ಟಿಯಿಂದ ಹೊಗೆ ಬರೋವರೆಗೆ. ಕೈ ಹಾಕಿ ನೋಡ್ದೆ, ಒಳಗೆ ಆಗ ತಾನೇ ಇಸ್ತ್ರಿ ಮಾಡಿದ ಹಾಗೆ ಕಾದಿತ್ತು. ಇದ್ರಲ್ಲಿ ವಾದ ಮಾಡ್ಬೇಡಿ.

ಹೊಸ ಉಳಿ:
ಎಲ್ರಿಗೂ ಥ್ಯಾಂಕ್ಸ್. ಆದ್ರೆ ಕೈಗರಗಸಕ್ಕೆ ಯಾವ್ದು ಸುಲಭ ಅಂತ ಇನ್ನೂ ಗೊತ್ತಾಗ್ಲಿಲ್ಲ. ತೇಗ ಅಂಟಲ್ಲ ಅಂತಾನೂ ಯಾರೋ ಹೆದರಿಸಿದಾರೆ.

ಸಡಿಲ ತಳ:
ತೇಗದಲ್ಲಿ ಎಣ್ಣೆ ಜಾಸ್ತಿ. ಅಂಟೋ ಮುಖನ ಅಸಿಟೋನಲ್ಲಿ ಒರೆಸಿ, ಆರಿದ ಕೂಡ್ಲೇ ಅಂಟಿಸಿ, ನಾಳೆಗೆ ಬಿಟ್ರೆ ಎಣ್ಣೆ ಮತ್ತೆ ಮೇಲೆ ಬರುತ್ತೆ. ನೀವು ಮೈಟರೇ ಮಾಡಿ ತಮ್ಮಾ. ನಾಲ್ಕು ಹಲಗೆ ಹೊರಮುಖ ಮೇಲೆ ಮಾಡಿ ಸಾಲಾಗಿ ಇಟ್ಟು ಟೇಪ್ ಎಳ್ದು ಹಾಕಿ, ತಿರುವಿ, ಅಂಟು ತೆಳ್ಳಗೆ ಒಂದ್ಸಲ ಸವರಿ, ಹೀರ್ಕೊಂಡ ಮೇಲೆ ಇನ್ನೊಂದ್ಸಲ ಸವರಿ, ತಳ ಗಾಡಿಗೆ ಸೇರಿಸ್ಕೊಂಡು ಚಾಪೆ ಥರ ಸುತ್ತಿ. ಎರಡು ಕರ್ಣ ಅಳೀರಿ, ಸಮ ಇರ್ಬೇಕು. ಒಣಗಿದ ಮೇಲೆ ಮೂಲೆಗೆ ಅಡ್ಡಡ್ಡ ಕೊಯ್ದು ಬೇರೆ ಬಣ್ಣದ ಮರದ ಚಕ್ಕೆ ತೂರ್ಸಿ, ಬಲಾನೂ ಬರುತ್ತೆ, ಚೆಂದಾನೂ ಕಾಣುತ್ತೆ.

ಕೈಗರಗಸ:
ಚಕ್ಕೆ ತೂರ್ಸೋದು ಡವ್‌ಟೇಲ್ ಬರದೇ ಇರೋರ ಉಪಾಯ.

ಎಂಟು ಕೊಯ್ತ:
ಐದು ಮೂಲೆ ಒಲೆಗೆ ಹಾಕಿದೋರು ಹೇಳ್ತಿದಾರೆ.

ಎರಡು ಕೋಟು:
ಹಿಂಜ್ ಬಗ್ಗೆ ಯಾರೂ ಹೇಳ್ಲೇ ಇಲ್ಲ. ಹಿತ್ತಾಳೆ ಸ್ಕ್ರೂ ನೇರ ಹಾಕ್ಬೇಡಿ, ತಲೆ ಮುರಿಯುತ್ತೆ. ಮೊದ್ಲು ಅದೇ ಅಳತೆ ಕಬ್ಬಿಣದ ಸ್ಕ್ರೂ ಹಾಕಿ ತೆಗೀರಿ, ಆಮೇಲೆ ಹಿತ್ತಾಳೇದಕ್ಕೆ ಮೇಣ ಸವರಿ ಹಾಕಿ. ನಂದು ಮುರಿದ ಒಂದು ಸ್ಕ್ರೂ ತೆಗೆಯೋಕೆ ಸುತ್ತ ಕೊರೆದು ಕೊರೆದು ಬೆರಳು ತೂರೋ ತೂತಾಯ್ತು, ಅದಕ್ಕೆ ಮರದ ಬೆಣೆ ಹೊಡೆಯೋಕೆ ಹೋಗಿ ಅಂಚು ಎದ್ಬಂತು.

ಹೊಟ್ಟು:
ಆ ತೂತಿಗೆ ಏನು ತುಂಬಿದ್ರಿ?

ಎರಡು ಕೋಟು:
...ಹೊಟ್ಟು. ಈಗ ಶುರು ಮಾಡ್ಬೇಡಿ.