ಓದುಗರ ಸ್ಪಂದನ: ಬೇಗ ಹುಟ್ಟಿದ ಮಗಳು ಸಣ್ಣಗೇ ಉಳಿಯುತ್ತಾಳಾ?

ಸಮಸ್ಯೆ: ಮಗಳು 28 ವಾರಕ್ಕೇ ಹುಟ್ಟಿದಳು. ಈಗ 18 ತಿಂಗಳು. ತೂಕ 7.9 ಕೆಜಿ, ಉದ್ದ 73.5 ಸೆಂ.ಮೀ. ಓಣಿಯ ಮಕ್ಕಳ ಪಕ್ಕ ತೀರಾ ಸಣ್ಣ ಕಾಣುತ್ತಾಳೆ. ಮುಂದೆಯೂ ಹೀಗೇನಾ?
– ಒಬ್ಬ ತಾಯಿ, ಕಲಬುರಗಿ

ತಂಗಿ, ಮೊದಲು ವಯಸ್ಸಿನ ಲೆಕ್ಕ ಸರಿ ಮಾಡಿಕೊಳ್ಳಿ. ಮಗಳು 40 ವಾರಕ್ಕೆ ಬರಬೇಕಿತ್ತು, 12 ವಾರ ಮೊದಲೇ ಬಂದಳು. ಆ ಮೂರು ತಿಂಗಳು ಕಳೆದರೆ ಅವಳಿಗೀಗ 15 ತಿಂಗಳು. ಎರಡು ವರ್ಷ ತುಂಬುವವರೆಗೆ ಹೀಗೇ ಕಳೆದು ನೋಡಬೇಕು. ಬೆಳವಣಿಗೆ ಚಾರ್ಟಿನಲ್ಲಿ 18 ತಿಂಗಳ ಹೆಣ್ಣುಮಗುವಿಗೆ ಹಸಿರು ಪಟ್ಟಿ (ಅಂದರೆ ಸರಿಯಾದ ತೂಕ, ಅದರ ಕೆಳಗಿನ ಹಳದಿ ಅಂದರೆ ಕಡಿಮೆ ತೂಕ) 8.1 ಕೆಜಿಯಿಂದ ಶುರು, 15 ತಿಂಗಳಿಗೆ 7.6ರಿಂದ. ಅಂದರೆ ನಿಮ್ಮ ಮಗಳು ಹಳದಿಯಲ್ಲಿಲ್ಲ, ಹಸಿರಿನಲ್ಲೇ ಇದ್ದಾಳೆ. ಉದ್ದದ ಲೆಕ್ಕವೂ ಅಷ್ಟೇ, 18 ತಿಂಗಳಿನ 74.9 ಸೆಂ.ಮೀ. ಅಲ್ಲ, 15 ತಿಂಗಳಿನ 72 ದಾಟಿದರೆ ಸಾಕು. ಮಲಗಿಸಿ ಅಳೆಯುವಾಗ ಒಬ್ಬರು ಮೊಣಕಾಲು ಮೆಲ್ಲಗೆ ಒತ್ತಿ ಹಿಡಿಯಬೇಕು, ಮಗು ಕಾಲು ಮಡಚಿದರೆ ಅಳತೆ ಕಡಿಮೆ ಬರುತ್ತದೆ. ಒಂದು ಚುಕ್ಕೆ ನೋಡಿ ಹೆದರಬೇಡಿ, ಗೆರೆ ಮೇಲೇರುತ್ತಿದೆಯಾ ನೋಡಿ. ಎರಡು ಮೂರು ತಿಂಗಳು ಗೆರೆ ಅಡ್ಡ ಮಲಗಿದರೆ ಮಾತ್ರ ತಡ ಮಾಡದೆ ಮಕ್ಕಳ ಡಾಕ್ಟರಿಗೆ ತೋರಿಸಿ.
– ನಿವೃತ್ತ ಅಂಗನವಾಡಿ ಕಾರ್ಯಕರ್ತೆ, ಶಹಾಪುರ

ನನ್ನ ಮಗ 29 ವಾರಕ್ಕೆ ಹುಟ್ಟಿದವನು, ಈಗ ಒಂಬತ್ತು ವರ್ಷ. ನಾನು ಮಾಡಿದ ತಪ್ಪು ನೀವು ಮಾಡಬೇಡಿ. ತೂಕ ಏರಲಿ ಅಂತ ಕಾಲ ಮೇಲೆ ಮಲಗಿಸಿಕೊಂಡು ಬಾಯಿಗೆ ತುರುಕುತ್ತಿದ್ದೆ. ಕೊನೆಗೆ ಸ್ಟೀಲ್ ಬಟ್ಟಲಿನ ಸದ್ದು ಕೇಳಿದರೂ ತುಟಿ ಬಿಗಿ ಹಿಡಿಯುತ್ತಿದ್ದ. ವಾರಗಟ್ಟಲೆ ನಳಿಕೆಯಲ್ಲಿ ಹಾಲು ಕುಡಿದ ಮಕ್ಕಳಿಗೆ ಬಾಯಿಗೆ ಏನು ಬಂದರೂ ಅಂಜಿಕೆ ಇರಬಹುದು. ಅದು ನನಗೆ ಗೊತ್ತಿರಲಿಲ್ಲ. ಆಮೇಲೆ ತಟ್ಟೆ ಅವನ ಮುಂದಿಟ್ಟು ಅವನೇ ಕೈ ಹಾಕಲಿ ಅಂತ ಬಿಟ್ಟೆ. ಹಾಲಿನಲ್ಲಿ ನೆನೆಸಿದ ಜೋಳದ ರೊಟ್ಟಿ, ತುಪ್ಪ ಹಾಕಿದ ತೊಗರಿ ಬೇಳೆ. ಬರೀ ತಿಳಿ ಅಲ್ಲ, ಗಟ್ಟಿ ಬೇಳೆ. ದಿನಕ್ಕೆ ಐದಾರು ಸಲ, ಸ್ವಲ್ಪ ಸ್ವಲ್ಪ. ಸುಮ್ನೆ ಬಿಸ್ಕೆಟ್, ಸಿಹಿ ತಿನ್ನಿಸಿ ಗುಂಡಗೆ ಮಾಡಬೇಡಿ. ಇಂಥ ಮಕ್ಕಳು ದಿಢೀರ್ ದಪ್ಪಗಾದರೆ ಮುಂದೆ ಬಿಪಿ, ಶುಗರ್ ಬರುವ ಭಯ ಜಾಸ್ತಿ. ಇವನಿಗೆ ಮೊದಲು ತಲೆ ಸುತ್ತಳತೆ ಸರಿಹೋಯಿತು, ಆಮೇಲೆ ತೂಕ, ಎತ್ತರ ಎಲ್ಲಕ್ಕಿಂತ ಕೊನೆಗೆ. ಒಂದನೇ ತರಗತಿಗೆ ಹೊಲಿಸಿದ ಚಡ್ಡಿ ಮೂರನೇ ತರಗತಿವರೆಗೂ ಬಂತು. ಹೋದ ಜೂನ್‌ನಲ್ಲಿ ಟೇಲರ್ ಮಡಿಕೆ ಬಿಚ್ಚಿದರೂ ಸಾಲಲಿಲ್ಲ, ಹೊಸದೇ ಹೊಲಿಯಬೇಕು ಅಂದರು. ಅಂಗಡಿ ಮುಂದೆಯೇ ನನ್ನ ಕಣ್ಣು ತುಂಬಿ ಬಂತು.
– ಒಬ್ಬ ತಾಯಿ, ಬೀದರ್

ಅಕ್ಕ, ನಾನೂ ಏಳು ತಿಂಗಳಿಗೆ ಹುಟ್ಟಿದವನು. ತಮ್ಮನಿಗಿಂತ ಎರಡಿಂಚು ಕುಳ್ಳ. ಬೇಗ ಹುಟ್ಟಿದವರಲ್ಲಿ ಕೆಲವರು ದೊಡ್ಡವರಾದ ಮೇಲೂ ಸ್ವಲ್ಪ ಕುಳ್ಳಗೇ ಇರುತ್ತಾರೆ, ಅದನ್ನು ಮುಚ್ಚಿಡುವುದು ಬೇಡ. ಆದರೆ ನಿಮ್ಮಿಬ್ಬರ ಎತ್ತರವನ್ನೂ ನೋಡಬೇಕಲ್ವಾ? ಅಪ್ಪ ಅವ್ವನ ಎತ್ತರ ಕೂಡಿಸಿ, ಹುಡುಗಿ ಆದ್ದರಿಂದ 13 ಸೆಂ.ಮೀ. ಕಳೆದು, ಅರ್ಧ ಮಾಡಿ. ಸಾಮಾನ್ಯವಾಗಿ ಅದರ ಆಚೀಚೆ ಬರುತ್ತಾರೆ. ನಾಲ್ಕು ವರ್ಷವಾದರೂ ಎತ್ತರ ಪಟ್ಟಿಯ ಕೆಳಗೇ ಇದ್ದರೆ ಹಾರ್ಮೋನ್ ಡಾಕ್ಟರನ್ನು ಕೇಳಿ. ಮತ್ತೆ, ಅವಳ ಎದುರು ‘ಸಣ್ಣಾಕಿ’ ಅನ್ನಲು ಯಾರಿಗೂ ಬಿಡಬೇಡಿ. ನನ್ನನ್ನು ಓಣಿಯಲ್ಲಿ ‘ಏಳು ತಿಂಗಳಿನವ’ ಅಂತಲೇ ಕರೆಯುತ್ತಿದ್ದರು, ಹೈಸ್ಕೂಲ್ ಮುಗಿಯುವವರೆಗೂ.
– ಕಾಲೇಜು ವಿದ್ಯಾರ್ಥಿ, ಕಲಬುರಗಿ