ಸುಮಾ, ಮಾತ್ರೆ ಮಾತ್ರ ನಿಲ್ಲಿಸಬೇಡ

ಸುಮಾ, ನಿನ್ನ ಮೆಸೇಜ್ ಪುಟ್ಟಿ ಓದಿ ಹೇಳಿದಳು. ಎರಡು ಸಲ ಓದಿಸಿದೆ. ಅಪ್ಪಾಜಿಗೆ ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿಸಿ ಮನೆಗೆ ಬಂದು ಹತ್ತು ದಿನ ಆಯ್ತು, ಆಸ್ಪತ್ರೆ ಬಿಲ್ ಎಲ್ಲಾ ಆಯುಷ್ಮಾನ್ ಕಾರ್ಡಿನಲ್ಲೇ ಹೋಯ್ತು, ಈಗ ತಿಂಗಳ ಮಾತ್ರೆಗೆ 4,200 ರೂಪಾಯಿ ಅಂತ ಮೆಡಿಕಲ್ ಶಾಪಿನವರು ಹೇಳಿದ್ದಾರೆ, ಅಪ್ಪಾಜಿ "ಒಂದಿನ ಬಿಟ್ಟು ಒಂದಿನ ತಗೊಂಡರೆ ಏನಾಗುತ್ತೆ" ಅಂತಿದ್ದಾರೆ, ಕಾರ್ಡಿನಲ್ಲಿ ಮಾತ್ರೆ ಕೊಡಲ್ವಾ ದೊಡ್ಡಮ್ಮ, ಏನು ಮಾಡಲಿ ಅಂತ ಕೇಳಿದ್ದೀಯ. ನನಗೆ ಆ ಸಣ್ಣ ಅಕ್ಷರ ಒತ್ತೋಕೆ ಆಗಲ್ಲ ಕಣಮ್ಮ. ಪುಟ್ಟಿ ಮೈಕ್ ಒತ್ತಿ ಕೊಟ್ಟಿದ್ದಾಳೆ, ನಾನು ಮಾತಾಡಿದ್ದು ಅಕ್ಷರ ಆಗಿ ಬರುತ್ತಂತೆ. ಉದ್ದ ಆದರೂ ಪೂರ್ತಿ ಓದು. ಗ್ರೂಪಿನಲ್ಲಿ ಇರೋರೆಲ್ಲ ಓದಿ.

ಏನಾಗುತ್ತೆ ಅಂತ ನಾನು ಹೇಳುತ್ತೇನೆ.

ನಿಮ್ಮ ದೊಡ್ಡಪ್ಪನಿಗೆ ಮೊದಲನೇ ಸಲ ಎದೆನೋವು ಬಂದಿದ್ದು 2019ರಲ್ಲಿ, ಯುಗಾದಿ ಆಗಿ ಒಂದು ವಾರಕ್ಕೆ. ನಿಮಗೆಲ್ಲ ನೆನಪಿದೆ. ಹರಿಹರದ ಗಿರಿಜಕ್ಕನ ಮನೆಯಿಂದ ದಾವಣಗೆರೆಗೆ ವಾಪಸ್ ಬರುವಾಗ ಬಸ್ಸಿನಲ್ಲೇ ಬೆವರು ಕಿತ್ತುಕೊಂಡಿತ್ತು. ಒಂದು ಸ್ಟೆಂಟ್ ಹಾಕಿದರು. ಆಗಲೂ ಕಾರ್ಡಿತ್ತು, ಒಂದು ಪೈಸೆ ಕಟ್ಟಿಸಿಕೊಳ್ಳಲಿಲ್ಲ. ನಾನು ದುಗ್ಗಮ್ಮನ ಗುಡಿಗೆ ಹೋಗಿ ಹಣ್ಣುಕಾಯಿ ಮಾಡಿಸಿಕೊಂಡು ಬಂದೆ. ಗೆದ್ದೆವು ಅಂದುಕೊಂಡೆ. ಮನೆಗೆ ಕಳಿಸುವಾಗ ಐದು ದಿನದ ಮಾತ್ರೆ ಒಂದು ಕವರಿನಲ್ಲಿ ಹಾಕಿ ಕೊಟ್ಟರು. ಆಸ್ಪತ್ರೆ ಯಾವುದು ಅಂತ ಇಲ್ಲಿ ಬೇಡ. ಆರನೇ ದಿನ ಚೀಟಿ ಹಿಡಿದು ಮೆಡಿಕಲ್ ಶಾಪಿಗೆ ಹೋದರೆ ಒಂದು ತಿಂಗಳಿಗೆ 3,800 ಅಂದ. ನಾನು ಕಾರ್ಡ್ ತೋರಿಸಿದೆ. ಆ ಹುಡುಗ "ಅಜ್ಜಿ, ಇದು ಇಲ್ಲಿ ನಡೆಯಲ್ಲ, ಅಡ್ಮಿಟ್ ಆದರೆ ಮಾತ್ರ" ಅಂದ. ಕಾರ್ಡನ್ನು ಸೆರಗಿನಲ್ಲಿ ಸುತ್ತಿ ಇಟ್ಟುಕೊಂಡು ಅಶೋಕ ರಸ್ತೆ ಉದ್ದಕ್ಕೂ ನಡೆದೇ ಬಂದೆ, ಆಟೋ ಹತ್ತಲಿಲ್ಲ.

ಮೊದಲನೇ ತಿಂಗಳು ಹೇಗೋ ತಂದೆವು. ಎರಡನೇ ತಿಂಗಳಿಂದ ನಿಮ್ಮ ದೊಡ್ಡಪ್ಪ "ನಾನೇ ತರುತ್ತೇನೆ, ನಾನೇ ತಗೊಳ್ಳುತ್ತೇನೆ, ನೀನು ತಲೆ ಕೆಡಿಸಿಕೊಳ್ಳಬೇಡ" ಅಂದರು. ನಾನು ಬೆಳಗ್ಗೆ ನಾಲ್ಕಕ್ಕೆ ಎದ್ದು ಖಾನಾವಳಿಗೆ ರೊಟ್ಟಿ ತಟ್ಟುತ್ತಿದ್ದೆ. ನೋಡಲಿಲ್ಲ. ಅದೇ ನಾನು ಮಾಡಿದ ತಪ್ಪು.

ಅವರು ಏನು ಮಾಡುತ್ತಿದ್ದರು ಗೊತ್ತಾ? ನಡುಮನೆ ಕಿಟಕಿ ಹತ್ತಿರ ಪೇಪರ್ ಹಾಸಿಕೊಂಡು, ಅಡಕತ್ತರಿಯಲ್ಲಿ ಮಾತ್ರೆ ಕತ್ತರಿಸುತ್ತಿದ್ದರು. ಅದೇ ಅಡಕತ್ತರಿ, ಹಿತ್ತಾಳೆ ಹಿಡಿಯದು, ಮಾವನವರ ಕಾಲದ್ದು. ಒಂದು ಮಾತ್ರೆ ಎರಡು ದಿನಕ್ಕೆ. ಕತ್ತರಿಸುವಾಗ ಪೇಪರ್ ಮೇಲೆ ಬಿಳಿ ಪುಡಿ ಉದುರುತ್ತಲ್ಲ, ಅದನ್ನು ಬೆರಳು ಒದ್ದೆ ಮಾಡಿ ಒತ್ತಿ ಒತ್ತಿ ನಾಲಿಗೆಗೆ ಹಚ್ಚಿಕೊಳ್ಳುತ್ತಿದ್ದರು, ಹಾಳಾಗಬಾರದು ಅಂತ. ನಾನು ಒಂದು ಸಲ ಕಣ್ಣಾರೆ ನೋಡಿದ್ದೆ. ಅಡಿಕೆ ತುಣುಕು ಅಂದುಕೊಂಡು ಸುಮ್ನೆ ಒಳಗೆ ಹೋದೆ. ರಕ್ತ ತೆಳು ಮಾಡೋ ಮಾತ್ರೆ ದಿನಕ್ಕೆ ಎರಡು ಇತ್ತು, ಅದೇ ಎಲ್ಲಕ್ಕಿಂತ ದುಬಾರಿ. ಅದನ್ನು ಪೂರ್ತಿ ಒಂದಿನ ಬಿಟ್ಟು ಒಂದಿನ ಮಾಡಿಬಿಟ್ಟಿದ್ದರು.

ಶ್ರಾವಣದ ಎರಡನೇ ಸೋಮವಾರ, ಸ್ನಾನ ಮಾಡಿ ವಿಭೂತಿ ಹಚ್ಚಿಕೊಂಡು ಹೊರಗೆ ಬಂದವರು ಬಾಗಿಲು ಹಿಡಿದು ಕೂತರು. ಎರಡನೇ ಸಲ. ಹಾಕಿದ ಸ್ಟೆಂಟೇ ಕಟ್ಟಿಕೊಂಡಿತ್ತು. ಡಾಕ್ಟ್ರು ಹೊರಗೆ ಬಂದು ಮೊದಲು ಕೇಳಿದ್ದೇ ಅದು, "ಮಾತ್ರೆ ಬಿಟ್ಟಿದ್ದರಾ?" ನಾನು ಇಲ್ಲ ಸ್ವಾಮಿ, ಒಂದು ದಿನವೂ ಬಿಟ್ಟಿಲ್ಲ ಅಂತ ಎದೆ ಮುಟ್ಟಿ ಹೇಳಿದೆ. ಆಮೇಲೆ ಅವರು ಬಿಡಿಸಿ ಹೇಳಿದರು. ಸ್ಟೆಂಟ್ ಅಂದರೆ ರಕ್ತನಾಳದೊಳಗೆ ಕೂರಿಸಿದ ಸಣ್ಣ ಲೋಹದ ಜಾಲರಿ. ಮೈಗೆ ಅದು ಹೊರಗಿನ ವಸ್ತು. ಅದರ ಮೇಲೆ ಒಳಚರ್ಮ ಬೆಳೆದು ಮುಚ್ಚಿಕೊಳ್ಳೋವರೆಗೆ ರಕ್ತ ಅಲ್ಲಿ ಹೆಪ್ಪುಗಟ್ಟೋಕೆ ನೋಡುತ್ತೆ. ಅದಕ್ಕೇ ಎರಡು ತರಹದ ರಕ್ತ ತೆಳು ಮಾಡೋ ಮಾತ್ರೆ, ಸಾಮಾನ್ಯವಾಗಿ ಒಂದು ವರ್ಷ ಕೊಡುತ್ತಾರೆ, ಆಮೇಲೂ ಒಂದು ಇದ್ದೇ ಇರುತ್ತೆ. ಬಿಪಿ ಮಾತ್ರೆ ಮರೆತರೆ ಒಂದು ಲೆಕ್ಕ, ಇದನ್ನು ಬಿಟ್ಟರೆ ಇನ್ನೊಂದು ಲೆಕ್ಕ ಅಂದರು.

ಅವತ್ತು ರಾತ್ರಿ ಬಟ್ಟೆ ತರೋಕೆ ನಿಟ್ಟುವಳ್ಳಿ ಮನೆಗೆ ಬಂದೆ. ಅವರ ಎಲೆಡಿಕೆ ಡಬ್ಬಿ ತೆಗೆದರೆ ಸುಣ್ಣದ ಡಬ್ಬಿ ಕೆಳಗೆ ಅರ್ಧರ್ಧ ಮಾತ್ರೆ, ಪೇಪರಿನಲ್ಲಿ ಪೊಟ್ಟಣ ಕಟ್ಟಿದ್ದು. ಜೊತೆಗೆ ಮಂಡಿಯ ಹಳೇ ಚೀಟಿಯ ಹಿಂದೆ ಲೆಕ್ಕ. ಮಂಡಿಪೇಟೆಯಲ್ಲಿ ಲೆಕ್ಕ ಬರೆದ ಕೈ, ಅಕ್ಷರ ಮುತ್ತಿನ ಹಾಗೆ. "ಮಾತ್ರೆ ಉಳಿಕೆ, ಪುಟ್ಟಿ ಸ್ಕೂಲ್ ಫೀಸಿಗೆ" ಅಂತ ಬರೆದು ಕೆಳಗೆ ತಿಂಗಳ ತಿಂಗಳ ಮೊತ್ತ. ಎಲ್ಲಾ ಕೂಡಿದರೆ 5,700. ಪುಟ್ಟಿಗೆ ಇದನ್ನು ಇದುವರೆಗೆ ಹೇಳಿರಲಿಲ್ಲ. ಈಗ ಪಕ್ಕದಲ್ಲೇ ಕೂತು ಕೇಳಿಸಿಕೊಂಡಳು.

ಆಮೇಲೆ ಹದಿನಾಲ್ಕು ತಿಂಗಳು ಇದ್ದರು. ಇದ್ದರು ಅಷ್ಟೇ. ಹಾಸಿಗೆಯಿಂದ ಬಚ್ಚಲಿಗೆ ಹೋಗಿ ಬರೋದಕ್ಕೆ ಎರಡು ಸಲ ನಿಲ್ಲಬೇಕಿತ್ತು. ಮಂಡಕ್ಕಿ ಮಿರ್ಚಿ ಬೇಕು ಅಂತ ಆಸೆ ಪಟ್ಟು ತರಿಸಿ, ಎರಡು ಕಾಳು ಬಾಯಿಗೆ ಹಾಕಿಕೊಂಡು ಸಾಕು ಅನ್ನೋರು.

ಅದಕ್ಕೇ ಹೇಳುತ್ತೇನೆ ಸುಮಾ, ಮಾತ್ರೆ ನಿಲ್ಲಿಸಬೇಡ. ಒಂದಿನ ಬಿಟ್ಟು ಒಂದಿನ ಬೇಡ, ಅರ್ಧ ಮಾಡೋದು ಬೇಡ. ಡಾಕ್ಟ್ರು ಹೇಳದೆ ಒಂದು ಮಾತ್ರೆಯೂ ಬಿಡಬೇಡ.

ನನಗೆ ಇವತ್ತಿಗೂ ಹೊಟ್ಟೆ ಉರಿಯೋದು ಇದೊಂದಕ್ಕೆ. ಎರಡನೇ ಸಲ ಅಡ್ಮಿಟ್ ಆದಾಗ ಅದೇ ಕಾರ್ಡ್ ಮತ್ತೆ ನಡೆಯಿತು. ಮತ್ತೆ ಆಂಜಿಯೋಗ್ರಾಂ, ಮತ್ತೆ ಸ್ಟೆಂಟ್, ಐಸಿಯು ಎಲ್ಲಾ ಕೊಟ್ಟರು. ವರ್ಷಕ್ಕೆ ಒಂದು ಮನೆಗೆ 5 ಲಕ್ಷದವರೆಗೆ ಇದೆ ಅಲ್ವಾ. ಅಂದರೆ ಹೃದಯ ಒಡೆದ ಮೇಲೆ ಲಕ್ಷ ಕೊಡುತ್ತಾರೆ, ಒಡೆಯದ ಹಾಗೆ ಕಾಯೋ ಮಾತ್ರೆಗೆ ತಿಂಗಳಿಗೆ ಮೂರೋ ನಾಲ್ಕೋ ಸಾವಿರ ಕೊಡಲ್ಲ. ಇದು ಯಾವ ಲೆಕ್ಕ? ಸ್ಟೆಂಟಿಗೆ ಬೇಕಾದಷ್ಟು ರೇಟ್ ಹಾಕುತ್ತಿದ್ದರು, 2017ರಲ್ಲಿ ಸರ್ಕಾರ ಲಗಾಮು ಹಾಕಿ ಔಷಧಿ ಲೇಪದ ಸ್ಟೆಂಟೂ 30,000ದ ಒಳಗೆ ಬಂತು. ಒಳ್ಳೇದಾಯ್ತು, ನಾನು ಇಲ್ಲ ಅನ್ನಲ್ಲ. ಆದರೆ ಸ್ಟೆಂಟ್ ಹಾಕೋದು ಒಂದು ದಿನದ ಕೆಲಸ. ಮಾತ್ರೆ ಇರೋವರೆಗೂ. ವಯಸ್ಸಾದವರ ಮನೆಯಲ್ಲಿ ದುಡ್ಡು ಹೋಗೋದು ಆಸ್ಪತ್ರೆ ಬಾಗಿಲಲ್ಲಿ ಒಂದೇ ಸಲ ಅಲ್ಲ, ತಿಂಗಳು ತಿಂಗಳು ಮೆಡಿಕಲ್ ಶಾಪಿನ ಕೌಂಟರಿನಲ್ಲಿ.

ನಿಮ್ಮ ದೊಡ್ಡಪ್ಪ ಮಿಲ್ಲಿನಲ್ಲಿ ಇಪ್ಪತ್ತಾರು ವರ್ಷ ನೂಲು ತೆಗೆದವರು. ಊರಿಗೆ ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಹೆಸರು ಬಂದಿದ್ದು ಇಂಥವರ ಎದೆಯೊಳಗೆ ಹತ್ತಿ ದೂಳು ಹೋಗಿಯೇ ಅಲ್ವಾ. ಮಿಲ್ ಮುಚ್ಚಿತು, ಆಮೇಲೆ ಮಂಡಿಪೇಟೆಯಲ್ಲಿ ಲೆಕ್ಕ ಬರೆದರು. ಪಿಎಫ್ ಪಿಂಚಣಿ ಮುನ್ನೂರು ಚಿಲ್ಲರೆ ಬರುತ್ತಿತ್ತು. 2014ರಲ್ಲಿ ಕನಿಷ್ಠ 1,000 ಅಂತ ಮಾಡಿದರು, ಆ ದಿನ ಮನೆಯಲ್ಲಿ ಹೋಳಿಗೆ ಮಾಡಿದ್ದೆ. ಅವರು ಕಣ್ಣು ಮುಚ್ಚೋವರೆಗೂ ಅಷ್ಟೇ ಬಂತು. ಪಿಂಚಣಿ 1,000, ಮಾತ್ರೆ 3,800. ಅವರು ಅಡಕತ್ತರಿ ಹಿಡಿಯದೆ ಇನ್ನೇನು ಮಾಡಬೇಕಿತ್ತು? ನಾನು ಅವರನ್ನು ಬೈಯಲ್ಲ.

ಇನ್ನೊಂದು ಮಾತು ಇದೆ, ಗ್ರೂಪಿನಲ್ಲಿ ಹೇಳಬೇಕೋ ಬೇಡವೋ ಗೊತ್ತಿಲ್ಲ, ಹೇಳಿಬಿಡುತ್ತೇನೆ. ಆಗ ಆಸ್ಪತ್ರೆಗೆ ನಮ್ಮವರೆಲ್ಲ ಬಂದಿರಿ. ಎಳನೀರು, ಸೇಬು, ಬ್ರೆಡ್ಡು, ಮಂಚದ ಕೆಳಗೆ ಜಾಗ ಇರಲಿಲ್ಲ. ಒಬ್ಬರೂ ಮಾತ್ರೆಗೆ ಏನು ಮಾಡುತ್ತೀರಿ ಅಂತ ಕೇಳಲಿಲ್ಲ. ಸುಮಾ, ನಿಮ್ಮಪ್ಪನೂ "ಕಾರ್ಡ್ ಇದೆಯಲ್ಲ ಅತ್ತಿಗೆ, ದೇವರು ದೊಡ್ಡವನು" ಅಂತ ಹೇಳಿ ಹೋದ. ಸಿಟ್ಟಿನಿಂದ ಹೇಳುತ್ತಿಲ್ಲ. ಅವನಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಆದರೆ ಮನಸ್ಸಿನಲ್ಲಿ ಒಂದು ಮುಳ್ಳು ಉಳಿದುಕೊಂಡಿತ್ತು. ಈಗ ಅವನ ಬಾಯಲ್ಲೇ "ಒಂದಿನ ಬಿಟ್ಟು ಒಂದಿನ" ಅಂತ ಬಂತು ಅಂದಾಗ ಕೈಕಾಲು ತಣ್ಣಗಾಯ್ತು ಕಣೇ. ಅಣ್ಣನ ಮಾತು ತಮ್ಮನ ಬಾಯಲ್ಲಿ. ಅವನಿಗೆ ನಾನು ಹೇಳಿದೆ ಅಂತ ಹೇಳು, ಮಾತ್ರೆ ನಿಲ್ಲಿಸಬೇಡ. ಒಂದು ದಿನವೂ ನಿಲ್ಲಿಸಬೇಡ.

ಅಯ್ಯೋ, ನೀನು ಕೇಳಿದ್ದಕ್ಕೆ ಉತ್ತರವೇ ಕೊಟ್ಟಿಲ್ಲ. ಪುಟ್ಟಿ ಜ್ಞಾಪಿಸಿದಳು.

ಹತ್ತು ದಿನ ಆಯ್ತು ಅಂದೆಯಲ್ಲ, ಇನ್ನೂ ಐದು ದಿನ ಇದೆ! ಆಯುಷ್ಮಾನ್ ಯೋಜನೆಯಲ್ಲಿ ಡಿಸ್ಚಾರ್ಜ್ ಆದ ಮೇಲೆ 15 ದಿನದವರೆಗೆ ಮಾತ್ರೆ, ಫಾಲೋ ಅಪ್ ಎಲ್ಲಾ ಪ್ಯಾಕೇಜಿನಲ್ಲೇ ಸೇರಿರುತ್ತೆ. ನಮಗೆ ಐದು ದಿನದ್ದು ಕೊಟ್ಟು ಕಳಿಸಿದ್ದರು, ಕೇಳಬಹುದು ಅಂತಲೇ ಗೊತ್ತಿರಲಿಲ್ಲ. ನೀನು ನಾಳೆ ಬೆಳಗ್ಗೆಯೇ ಡಿಸ್ಚಾರ್ಜ್ ಸಮ್ಮರಿ, ಮಾತ್ರೆ ಚೀಟಿ, ಕಾರ್ಡ್, ಆಧಾರ್ ಹಿಡಿದು ಆ ಆಸ್ಪತ್ರೆಗೆ ಹೋಗು. ಅಲ್ಲಿ ಆರೋಗ್ಯ ಮಿತ್ರ ಅಂತ ಒಬ್ಬರು ಕೂತಿರುತ್ತಾರೆ, ಅವರ ಹತ್ತಿರ ಕೇಳು. ಇಲ್ಲ ಅಂದರೆ ಅಲ್ಲೇ ನಿಂತು 14555ಕ್ಕೆ ಫೋನ್ ಮಾಡು, ದುಡ್ಡು ಬೀಳಲ್ಲ. ಜಗಳ ಬೇಡ, ಬಿಡಲೂ ಬೇಡ.

ಹದಿನೈದು ದಿನದ ಆಮೇಲಿಂದು ಹೇಗೆ ಅಂದರೆ, ಅದೇ ಡಾಕ್ಟ್ರ ಹತ್ತಿರ ಚೀಟಿಯಲ್ಲಿ ಕಂಪನಿ ಹೆಸರು ಬೇಡ, ಔಷಧಿ ಹೆಸರು ದೊಡ್ಡಕ್ಷರದಲ್ಲಿ ಬರೆದು ಕೊಡಿ ಅಂತ ಕೇಳು. ಆಸ್ಪಿರಿನ್, ಕ್ಲೊಪಿಡೊಗ್ರೆಲ್, ಅಟೋರ್ವಾಸ್ಟಾಟಿನ್, ಮೆಟೊಪ್ರೊಲಾಲ್ ಹೀಗೆ. ಸರ್ಕಾರದ ಜನೌಷಧಿ ಅಂಗಡಿಯಲ್ಲಿ ಇವು ಹೊರಗಿನ ಬ್ರಾಂಡಿಗಿಂತ ಅರ್ಧಕ್ಕೂ ಕಡಿಮೆ ರೇಟಿಗೆ ಸಿಗುತ್ತವೆ. ತಗೊಳ್ಳುವಾಗ ಹೆಸರು ಒಂದೇನಾ, ಎಷ್ಟು ಎಂಜಿ ಅಂತ ಎರಡೂ ನೋಡು. 75 ಅಂದರೆ 75ಏ ಇರಬೇಕು. ರಕ್ತ ತೆಳು ಮಾಡೋದಕ್ಕೆ ದಿನಕ್ಕೆ ಎರಡು ಸಲ ತಗೊಳ್ಳೋ ಟಿಕಾಗ್ರೆಲಾರ್ ಬರೆದಿದ್ದರೆ, ಅದು ಕೈಗೆ ಎಟಕುತ್ತಿಲ್ಲ ಅಂತ ನಾಚಿಕೆ ಬಿಟ್ಟು ಡಾಕ್ಟ್ರಿಗೆ ಹೇಳು. ಬದಲಾಯಿಸಬಹುದಾ ಅಂತ ಅವರೇ ನೋಡಬೇಕು, ಅಂಗಡಿ ಹುಡುಗ ಬದಲಾಯಿಸಬಾರದು. ಚೀಟಿಯಲ್ಲಿ ಒಂದೆರಡು ಶಕ್ತಿ ಮಾತ್ರೆ, ವಿಟಮಿನ್ ಇದ್ದರೆ ಅದು ಬೇಕೇ ಬೇಕಾ ಅಂತಲೂ ಕೇಳು. ನಮ್ಮ ಚೀಟಿಯಲ್ಲಿ ಅದಕ್ಕೇ ಆರುನೂರು ಹೋಗುತ್ತಿತ್ತು, ಯಾರೂ ಕೇಳಲಿಲ್ಲ.

ಸರ್ಕಾರಿ ಆಸ್ಪತ್ರೆ ಕಾಂಪೌಂಡಿನ ಒಳಗಿನ ಜನೌಷಧಿ ಮುಚ್ಚಿಸಬೇಕು ಅಂತ 2025ರ ಮೇ ತಿಂಗಳಲ್ಲಿ ಆದೇಶ ಬಂದು ಕೋರ್ಟಿನವರೆಗೆ ಹೋಗಿತ್ತು. ಅದಕ್ಕೇ ಒಳಗೇ ಇರುತ್ತೆ ಅಂತ ನಂಬಿಕೊಂಡು ಬಿಸಿಲಿನಲ್ಲಿ ಅಲೆಯಬೇಡ. ಜನೌಷಧಿ ಸುಗಮ್ ಅಂತ ಆಪ್ ಇದೆ, ಹತ್ತಿರದ ಅಂಗಡಿ, ಮಾತ್ರೆ ರೇಟು ಎರಡೂ ತೋರಿಸುತ್ತೆ. ಕಿರಣನಿಗೆ ಹೇಳು, ಐದು ನಿಮಿಷದ ಕೆಲಸ. ಅಪ್ಪಾಜಿಗೆ ಬಿಪಿ, ಶುಗರ್ ಮೊದಲಿಂದಲೂ ಇದೆಯಲ್ಲ, ಆ ಮಾತ್ರೆಗೆ ದುಡ್ಡು ಕೊಡೋದೇ ಬೇಡ. ಚಿಗಟೇರಿ ಜಿಲ್ಲಾ ಆಸ್ಪತ್ರೆಯಲ್ಲಿ ಬಿಪಿ, ಶುಗರ್ ನೋಡೋ ಎನ್‌ಸಿಡಿ ಕ್ಲಿನಿಕ್ ಅಂತಲೇ ಇದೆ, ಪರೀಕ್ಷೆ ಮಾಡಿ ಮಾತ್ರೆ ಪುಕ್ಕಟೆ ಕೊಡುತ್ತಾರೆ. ನಾನು ಈಗ ಅಲ್ಲೇ ತಗೊಳ್ಳುತ್ತಿರೋದು. ಬೆಳಗ್ಗೆ ಬೇಗ ಹೋದರೆ ಸಾಲು ಕಡಿಮೆ.

ಈ ತಿಂಗಳದ್ದಕ್ಕೆ ನನ್ನ ಹತ್ತಿರ ಗೃಹಲಕ್ಷ್ಮಿದು 2,000 ಇದೆ. ಪುಟ್ಟಿ ನಿನ್ನ ಫೋನಿಗೆ ಹಾಕುತ್ತಾಳೆ. ಬೇಡ ಅನ್ನಬೇಡ. ಉಳಿದವರು ಓದುತ್ತಿದ್ದೀರಲ್ಲ, ಹಣ್ಣು ತಗೊಂಡು ಹೋಗಬೇಡಿ, ಒಂದು ಸ್ಟ್ರಿಪ್ ಮಾತ್ರೆ ತಗೊಂಡು ಹೋಗಿ, ಯಾವುದು ಅಂತ ಸುಮಾನ್ನ ಕೇಳಿ.

ಇವತ್ತು ರಾತ್ರಿ ಎಂಟರ ಮಾತ್ರೆ ನಿನ್ನ ಕೈಯಾರೆ ಕೊಡು ಸುಮಾ, ನೀರು ಕುಡಿಸಿ, ನುಂಗಿದ ಮೇಲೆ ಇಲ್ಲಿ ಒಂದು ಮೆಸೇಜ್ ಹಾಕು. ನಾನು ಎದ್ದಿರುತ್ತೇನೆ.